ಪುಡಿ ಮಿಷನ್ನಿನ ಪಕ್ಕ ಒಂದು ಜೊತೆ ಕಿವಿ

ಸ್ವಲ್ಪ ಹತ್ರ ಬನ್ನಿ. ಇನ್ನೂ ಹತ್ರ. ಇದನ್ನ ಬಾಯಿಬಿಟ್ಟು ಓದಬೇಡಿ, ಮನಸ್ಸಲ್ಲೇ ಓದ್ಕೊಳ್ಳಿ. ಓದಿ ಆದ್ಮೇಲೆ ಯಾರಿಗೂ ಹೇಳಬೇಡಿ. ಹೇಳದೆ ಇರಕ್ಕೇ ಆಗಲ್ಲ ಅಂದ್ರೆ ಒಬ್ಬರಿಗೆ ಹೇಳಿ, ಆದ್ರೆ ಆಣೆ ಹಾಕಿಸ್ಕೊಂಡು ಹೇಳಿ. ನಾನೂ ಹಂಗೇ ಮಾಡೋದು. ನಮ್ಮ ಯಸಳೂರಲ್ಲಿ ಇವತ್ತಿನವರೆಗೂ ನನ್ನ ಬಾಯಿಂದ ಒಂದು ಗುಟ್ಟೂ ಆಣೆ ಇಲ್ಲದೆ ಆಚೆ ಹೋಗಿಲ್ಲ.

ಲೋಕದಲ್ಲಿ ಒಂದು ವಿಚಿತ್ರ ಐತೆ ನೋಡಿ. ಕಿವಿ ತೆರ್ಕೊಂಡು ಕೂತ ದಿನ ಒಂದು ಸುದ್ದಿನೂ ಸಿಗಲ್ಲ. ಕಿವಿ ಮುಚ್ಕೊಂಡ ದಿನ ಊರಿನ ಸುದ್ದಿಯೆಲ್ಲ ಹೊಸ್ತಿಲಿಗೆ ಬಂದು ನಿಲ್ತದೆ. ನಾನು ಕಿವಿ ಮುಚ್ಕೊಂಡಾಗಲೆಲ್ಲ ಹಿಂಗೇ ಆಗಿರೋದು.

ನಮ್ಮ ಯಜಮಾನರು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ದೋರು, ಆಳುಕಾಳಿನ ಹಾಜರಿ ಬರೆಯೋ ಕೆಲಸ. ಹಂಗಾಗಿ ನಾನು ಊರಿಗೆಲ್ಲ ರೈಟ್ರಮ್ಮ. ಹೆಸರಿಗಷ್ಟೇ ರೈಟ್ರಮ್ಮ; ನಾನು ಇಸ್ಕೂಲಿಗೆ ಹೋಗಿದ್ದು ಮಳೆಗಾಲ ಬಿಟ್ಟು ಉಳಿದ ದಿನ. ನಮ್ಮ ಕಡೆ ಮಳೆಗಾಲ ಬಿಟ್ರೆ ಉಳಿಯೋದಾದ್ರೂ ಏನು? ಒತ್ತು, ದೀರ್ಘ ತಪ್ಪಿದ್ರೆ ನೀವೇ ಹಾಕ್ಕೊಳ್ಳಿ.

ಅವರು ಕೆಲಸ ಬಿಟ್ಟ ಮೇಲೆ ಬಸ್ ಸ್ಟ್ಯಾಂಡ್ ಹಿಂದಿನ ಓಣೀಲಿ ಮನೆ ಮಾಡಿದೆವು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದವನು ಅದೇ ಗೋಡೆಗೆ ತಾಗಿಸಿ ಕಾಫಿ ಪುಡಿ ಮಾಡೋ ಮಿಷನ್ ಹಾಕ್ಬುಟ್ಟ. ಅವತ್ತಿಂದ ಅವನು ಪುಡಿಯಪ್ಪ, ಅವನ ಹೆಂಡ್ತಿ ಪುಡಿಯಮ್ಮ. ಗರ್ರ್ ಅಂತ ಮಿಷನ್ ಶುರುವಾದ್ರೆ ನಮ್ಮ ಸ್ಟ್ಯಾಂಡಿನ ಲೋಟಗಳೆಲ್ಲ ಒಂದಕ್ಕೊಂದು ಮುತ್ತು ಕೊಡ್ತಿದ್ವು. ಗೋಡೇಲಿದ್ದ ದೇವರ ಪಟ, ಹೂವು ಇಡಕ್ಕೆ ಹೋದಾಗಲೆಲ್ಲ ಮುಖ ಆ ಕಡೆ ತಿರುಗಿಸ್ಕೊಂಡಿರೋದು. ಮಧ್ಯಾಹ್ನದ ನಿದ್ದೆ ಅನ್ನೋದು ನನ್ನ ಪಾಲಿಗೆ ಸತ್ತೇಹೋಯ್ತು.

ಜಗಳ ಆಡಬಾರದಾಗಿತ್ತಾ ಅಂತೀರಾ? ಜಗಳಕ್ಕೆ ನಾನು ಯಾವತ್ತೂ ಹಿಂದೆ ಬಿದ್ದೋಳಲ್ಲ. ಆದ್ರೆ ಪುಡಿಯಮ್ಮನ ಮನೇಲಿ ಫೋನ್ ಇತ್ತು. ನಮ್ಮನೇಲಿ ಇರಲಿಲ್ಲ. ನನ್ನ ಮಗಳನ್ನ ಕೆ. ಹೊಸಕೋಟೆ ಕಡೆ ಕೊಟ್ಟಿದ್ದು, ಅವಳು ಎರಡನೇ ಸಲ ಬಸುರಿ. ಮೊದಲ ಬಾಣಂತನ ನಮ್ಮನೇಲಿ ಆಗಿತ್ತು, ಈ ಸಲ ತಮ್ಮನೇಲೇ ಆಗಬೇಕು ಅಂತ ಬೀಗಿತ್ತಿ ಹಠ. ಮಗಳು ಫೋನ್ ಮಾಡ್ತಿದ್ದುದು ಪುಡಿಯಮ್ಮನ ಮನೆಗೆ. ಪುಡಿಯಮ್ಮ ಗೋಡೆ ಹತ್ರ ನಿಂತು ‘ರೈಟ್ರಮ್ಮಾ, ಫೋನೂ!’ ಅಂತ ಕೂಗಬೇಕು, ನಾನು ಸೆರಗು ಸಿಕ್ಕಿಸ್ಕೊಂಡು ಓಡಬೇಕು. ಹೆರಿಗೆ ಸುದ್ದಿ ಬರೋದೂ ಅದೇ ಕೂಗಲ್ಲಿ. ಅವಳನ್ನ ಎದುರು ಹಾಕ್ಕೊಂಡ್ರೆ ನನಗೆ ಮೊಮ್ಮಗು ಹುಟ್ಟಿದ್ದು ತಿಳಿಯೋದು ಅದರ ನಾಮಕರಣಕ್ಕೇ.

ಆದ್ದರಿಂದ ನನಗೆ ಬೇಕಾಗಿದ್ದು ಇಷ್ಟೇ. ಮಿಷನ್ ಸದ್ದು ಹೋಗಬೇಕು, ಪುಡಿಯಮ್ಮನ ಕೂಗು ಬರಬೇಕು. ಜೊತೆಗೆ ಅವರ ಮನೆ ಮಾತೂ ಅಷ್ಟಿಷ್ಟು ಬಂದ್ರೆ ಬ್ಯಾಡ ಅನ್ನಲ್ಲ.

ಕುಂಬಳಕಾಯಿ ಬಾಣಂತಿ

ಖರ್ಚಿಲ್ಲದ್ದು ಅಂದ್ರೆ ಹತ್ತಿ. ದೀಪದ ಬತ್ತಿಗೆ ಇಟ್ಟಿದ್ದ ಹತ್ತೀಲಿ ಚೂರು ಕಿತ್ತು, ಕೊಬ್ಬರಿ ಎಣ್ಣೇಲಿ ಅದ್ದಿ, ಎರಡು ಕಿವಿಗೂ ತುರುಕ್ಕೊಂಡೆ. ಬಗ್ಗಿದ್ರೆ ಸಾಕು ಬಿದ್ದುಹೋಗೋದು. ಅದಕ್ಕೆ ಮಗಳು ಮೊದಲ ಬಾಣಂತನದಲ್ಲಿ ಕಟ್ಕೊತಿದ್ದ ಸ್ಕಾರ್ಫು ಹುಡುಕಿ, ತಲೆ ಸುತ್ತ ಬಿಗಿಯಾಗಿ ಕಟ್ಟಿದೆ. ಸದ್ದು ಅರ್ಧಕ್ಕರ್ಧ ಇಳೀತು. ಹಾಯೆನಿಸಿತು ಅಂತ ತೆಗೆಯದೆ ಹಂಗೇ ಓಡಾಡ್ತಿದ್ದೆ.

ಮಗಳನ್ನ ನೋಡ್ಕೊಂಡು ಬರೋಣ ಅಂತ ಸಕಲೇಶಪುರದ ಬಸ್ ಹತ್ತಿದೆ. ಹಿತ್ತಲಲ್ಲಿ ಬಿಟ್ಟಿದ್ದ ಕುಂಬಳಕಾಯಿ ಒಂದನ್ನ ಅವಳಿಗೇ ಅಂತ ಇಟ್ಟಿದ್ದೆ. ತೊಟ್ಟು ಮುರಿದ್ರೆ ಕೊಳೀತದೆ ನೋಡಿ, ಹಳೇ ಮೆತ್ತನೆ ಸೀರೇಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡೆ. ಮೈತುಂಬ ಶಾಲು ಹೊದ್ದಿದ್ದೆ. ಹೊಸ ಕಂಡಕ್ಟರು. ಹಿಂದಿನಿಂದ ನೋಡಿದಾನೆ: ತಲೆಗೆ ಸ್ಕಾರ್ಫು, ಕಿವೀಲಿ ಹತ್ತಿ, ತೊಡೆ ಮೇಲೆ ಬಟ್ಟೆ ಸುತ್ತಿದ ಗಂಟು.

‘ಹಸೀ ಬಾಣಂತಿ ಕಣ್ರೀ, ಕಿಟಕಿ ಹಾಕ್ರಿ! ಕೂಸಿಗೆ ಗಾಳಿ ಹೊಡೀತದೆ’ ಅಂತ ಬಸ್ಸಿಗೆಲ್ಲ ಕೂಗಿದನಂತೆ. ನನಗೇನು ಕೇಳ್ತದೆ? ಎಲ್ಲರೂ ದಡದಡ ಕಿಟಕಿ ಹಾಕೋದು ನೋಡಿ, ಹೊರಗೆ ಮಳೆ ಬಂತೇನೋ ಅಂದ್ಕೊಂಡೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಒಂದು ಸಲ ಬೆಚ್ಚಿದಳು. ಸುಧಾರಿಸ್ಕೊಂಡು ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಬರಲಿಲ್ಲ. ಆಮೇಲೆ ತಿಳೀತು, ಅವಳು ಕೇಳಿದ್ದು ‘ಇದೊಂದೇನಾ, ಇನ್ನೂ ಅವಾ?’ ಅಂತ. ಗಂಟಿನ ಕಡೆ ಕೈ ತೋರಿಸಿದ್ದಕ್ಕೆ, ಕುಂಬಳಕಾಯಿ ವಿಷಯ ಅಂತ ನಾನು ಹೇಳಿದೆ: ‘ಇನ್ನೂ ನಾಲ್ಕು ಹಿತ್ತಲಲ್ಲೇ ಬಿದ್ದವೆ ಕಣವ್ವ. ನೋಡೋರಿಲ್ಲ. ಹಂದಿ ಕಚ್ಕೊಂಡು ಹೋಗದಿದ್ರೆ ಸಾಕು.’

ಅವಳು ಎದೆ ಮೇಲೆ ಕೈ ಇಟ್ಕೊಂಡ್ಳು. ಮತ್ತೆ ಏನೋ ಕೇಳಿದ್ಳು. ‘ಯಾರದ್ದು?’ ಅಂತ ಕೇಳಿದ್ದಂತೆ. ಬೀಜ ಎಲ್ಲಿಂದ ತಂದ್ರಿ ಅಂತಿದ್ದಾಳೆ ಅಂದ್ಕೊಂಡು ನಾನು, ‘ಗೊತ್ತಿಲ್ಲವ್ವ, ತಾನಾಗೇ ಹುಟ್ತು’ ಅಂದೆ.

ಬಸ್ಸು ಬಸ್ಸೇ ಎದ್ದು ನಿಂತು ನನ್ನನ್ನ ನೋಡ್ತಿತ್ತು. ಕೊನೆಗೆ ಆಯಮ್ಮನಿಗೆ ತಡೆಯಕ್ಕಾಗಲಿಲ್ಲ, ಮೆಲ್ಲಗೆ ಸೀರೆ ಸರಿಸಿ ಬಗ್ಗಿ ನೋಡಿದಳು. ಕಂಡಕ್ಟರೂ ಬಗ್ಗಿದ. ಇಬ್ಬರೂ ಕುಂಬಳಕಾಯಿ ನೋಡಿದ್ರು, ನನ್ನ ಮುಖ ನೋಡಿದ್ರು. ಆಮೇಲೆ ಕಂಡಕ್ಟರು ಟಿಕೆಟ್ ಹರಿದು ನನ್ನ ಕೈಗಿಟ್ಟು, ಸ್ಕಾರ್ಫು ಸರಿಸಿ ಕಿವಿಯ ಹತ್ತಿ ಕಿತ್ತು ಕೇಳಿಸೋ ಹಂಗೆ ಹೇಳಿದ: ‘ಕೂಸಿನ ಬಣ್ಣ ಅವರಪ್ಪಂದೇ ಇರಬೇಕು ಬಿಡಜ್ಜಿ.’

ಹೋಗ್ಬುಟ್ರು

ಸ್ಕಾರ್ಫಿನ ಸಹವಾಸ ಬ್ಯಾಡ ಅಂತ ಬಿಟ್ಟೆ. ಆದ್ರೆ ಹತ್ತಿ ಬಿಡಲಿಲ್ಲ. ಮಧ್ಯಾಹ್ನ ಮಲಗಿ ಹೊರಳಿದ್ರೆ ಹತ್ತಿ ಬೀಳ್ತದಲ್ಲ, ಅದಕ್ಕೆ ಯಜಮಾನರ ಬಿಳೀ ಪಂಚೆಯ ಒಂದು ಪಟ್ಟಿ ಹರಿದು, ಗದ್ದದ ಕೆಳಗಿಂದ ತಂದು ನೆತ್ತಿ ಮೇಲೆ ಗಂಟು ಹಾಕಿದೆ. ಕಿವಿ ಎರಡೂ ಭದ್ರ. ಮಿಷನ್ ಇದ್ದಿದ್ದು ದಕ್ಷಿಣದ ಗೋಡೆಗೆ. ತಲೆ ಆದಷ್ಟು ದೂರ ಇರಲಿ ಅಂತ ದಿಂಬನ್ನ ಉತ್ತರಕ್ಕೆ ಹಾಕಿದೆ. ಉತ್ತರಕ್ಕೆ ತಲೆ ಹಾಕಬಾರದು ಅಂತಾರೆ, ಗೊತ್ತು. ಹಂಗೆ ಹೇಳಿದೋರ ಮನೆ ಗೋಡೆಗೆ ಮಿಷನ್ ಇರಲಿಲ್ಲ. ಸೊಳ್ಳೆ ಕಚ್ಚದಿರಲಿ ಅಂತ ಬಿಳೀ ಚಾದರವನ್ನ ಕುತ್ತಿಗೆವರೆಗೆ ಎಳ್ಕೊಂಡೆ. ಎಂಥಾ ನಿದ್ದೆ ಅಂತೀರಾ!

ಅದೇ ಹೊತ್ತಿಗೆ ಮಗಳ ಫೋನ್ ಬಂದೈತೆ. ಪುಡಿಯಮ್ಮ ಗೋಡೆ ಹತ್ರ ನಿಂತು ಕೂಗಿದ್ದಾಳೆ. ಉತ್ತರ ಇಲ್ಲ. ನನ್ನಿಂದ ಉತ್ತರ ಬರಲಿಲ್ಲ ಅನ್ನೋದೇ ಅವಳಿಗೆ ಗಾಬರಿ. ಒಳಗೆ ಬಂದು ನೋಡ್ತಾಳೆ: ಉತ್ತರಕ್ಕೆ ತಲೆ, ಗದ್ದಕ್ಕೆ ಬಿಳೀ ಬಟ್ಟೆ, ಕಿವೀಲಿ ಹತ್ತಿ. ಹೆಣಕ್ಕೆ ಇನ್ನೇನು ಬಾಕಿ ಐತೆ ಹೇಳಿ! ಮೂಗಿಗೆ ಹತ್ತಿ ಒಂದು ಇರಲಿಲ್ಲ.

ಕಿಟಾರನೆ ಕಿರಚಿ, ಮನೆಗೆ ಓಡಿ, ಕೆಳಗಿಟ್ಟಿದ್ದ ಫೋನ್ ಎತ್ತಿ ಗೋಳೋ ಅಂದ್ಳಂತೆ: ‘ಅಯ್ಯೋ ನಿಮ್ಮವ್ವ ಹೋಗ್ಬುಟ್ರು ಕಣವ್ವಾ!’

ಆ ಕಡೆಯಿಂದ ನನ್ನ ಮಗಳು, ‘ಎಲ್ಲಿಗೆ? ಸಂತೆಗಾ?’

‘ಅಯ್ಯೋ ಸಂತೆಗಲ್ಲವ್ವ, ಹೋಗೇಬುಟ್ರು! ಹೇಳದೆ ಕೇಳದೆ ಹೋಗ್ಬುಟ್ರು!’

‘ಅವ್ವ ಯಾವತ್ತು ಹೇಳಿ ಹೋಗ್ತಾಳೆ ಬಿಡಿ. ಬಂದ್ಮೇಲೆ ಫೋನ್ ಮಾಡಕ್ಕೆ ಹೇಳಿ’ ಅಂತ ಮಗಳು ಇಟ್ಟೇಬಿಟ್ಳು.

ಇತ್ತ ಪುಡಿಯಮ್ಮನ ಕಿರುಚಾಟಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ನಡುಮನೇಲಿ ಸೇರ್ಬುಟ್ಟಿದ್ದಾರೆ. ಪುಡಿಯಮ್ಮ ವಾಪಸ್ ಬಂದು ನನ್ನ ಕಾಲ ಹತ್ರ ಕೂತು ಅಳಕ್ಕೆ ಶುರು ಮಾಡಿದ್ಳು. ಕಾಲು ಹಿಡಿದು ಅಲ್ಲಾಡಿಸಿದ್ದಕ್ಕೆ ನನಗೆ ಎಚ್ಚರ ಆಯ್ತು, ಬಟ್ಟೆಯ ಗಂಟು ಸಡಿಲ ಆಗಿ ಒಂದು ಕಿವಿಯ ಹತ್ತಿನೂ ಬಿದ್ದಿತ್ತು. ಕಣ್ಣು ಬಿಡಬೇಕು ಅನ್ನೋವಾಗ ನನ್ನ ವಿಷಯ ಮಾತಾಡ್ತಿರೋದು ಕೇಳ್ತು. ಯಾರು ಬಿಡ್ತಾರೆ? ಹಂಗೇ ಮಲಗಿದ್ದೆ.

‘ಎಂಥಾ ಕೈ ಆಯಮ್ಮಂದು! ಉಪ್ಪಿನಕಾಯಿ ಹಾಕಿದ್ರೆ ಓಣಿಗೆಲ್ಲ ಕೊಡೋರು’ ಅಂದ್ಳು ಪುಡಿಯಮ್ಮ. ನನ್ನ ಕಣ್ಣಲ್ಲೇ ನೀರು ಬರೋ ಹಂಗಾಯ್ತು. ಮೂಗು ಒರೆಸ್ಕೊಂಡು ಮುಂದುವರಿಸಿದ್ಳು: ‘ಆ ಬಾಯಿ ಒಂದು ಬಿಟ್ರೆ ಚಿನ್ನದಂಥ ಹೆಂಗಸು.’

ನಾನು ದಡಕ್ಕನೆ ಎದ್ದು ಕೂತು, ‘ಬಾಯಿಗೇನಾಗಿತ್ತೇ?’ ಅಂದೆ.

ಚೆಲ್ಲಾಪಿಲ್ಲಿಯಾಗಿ ಓಡಿದ್ರು ನೋಡಿ. ಪುಡಿಯಮ್ಮನ ಚಪ್ಪಲಿ ಆಮೇಲೆ ನಾನೇ ತಗೊಂಡು ಹೋಗಿ ಕೊಟ್ಟೆ. ಬಾಗಿಲು ಪೂರ್ತಿ ತೆಗೀಲಿಲ್ಲ, ಸಂದೀಲೇ ಕೈ ಚಾಚಿ ಇಸ್ಕೊಂಡ್ಳು. ಅದಕ್ಕೂ ಮೊದಲು ನನ್ನ ಪಾದ ಹಿಂದಕ್ಕೆ ತಿರುಗಿ ಐತಾ ಅಂತ ನೋಡಿದ್ಳು.

ಯಜಮಾನರ ಕರಟ

ಇಷ್ಟೆಲ್ಲ ಆದ್ರೂ ನಮ್ಮ ಯಜಮಾನರು ಆರಾಮಕುರ್ಚೀಲಿ ನಿದ್ದೆ ಹೊಡೀತಿದ್ರು. ಹೆಂಡ್ತಿ ಸತ್ತು ಬದುಕಿದ್ದು ಅವರಿಗೆ ತಿಳಿದಿದ್ದು ಸಂಜೆ ಕಾಫಿಗೆ ಎದ್ದಾಗ. ನನ್ನ ಕಷ್ಟ ಕೇಳಿ ಮನಸ್ಸು ಕರಗಿತೋ ಏನೋ, ಎರಡು ತೆಂಗಿನ ಕರಟ ಉಜ್ಜಿ ನುಣ್ಣಗೆ ಮಾಡಿ, ಒಳಗೆ ಹಳೇ ಕಂಬಳಿ ತುಂಡು ತುಂಬಿ, ಮುರಿದ ಕೊಡೆಯ ಕಡ್ಡಿ ಬಗ್ಗಿಸಿ ಎರಡಕ್ಕೂ ಜೋಡಿಸಿ, ಕಿವಿ ಮೇಲೆ ಕೂರೋ ಹಂಗೆ ಮಾಡ್ಕೊಟ್ರು. ಮಿಷನ್ ಸದ್ದು ಹೋಯ್ತು. ಆದ್ರೆ ನಾನು ಚಕ್ಕುಲಿ ತಿಂದ್ರೆ ತಲೆಯೊಳಗೆ ಜಲ್ಲಿ ಲಾರಿ ಸುರಿದಂಗಾಗೋದು.

ಅದನ್ನ ಹಾಕ್ಕೊಂಡು ಜಗುಲೀಲಿ ಅಕ್ಕಿ ಆರಿಸ್ತಿದ್ದೆ. ವನಗೂರಿನ ಜೀಪಿನವನು ಓಣಿ ತಿರುವಲ್ಲಿ ಗಾಡಿ ನಿಲ್ಲಿಸಿ, ಇಳಿದು ಬಂದು, ಕರಟ ಒಂದನ್ನ ಎತ್ತಿ ಕೇಳಿದ: ‘ಅಜ್ಜಿ, ವಿಮಾನ ಎಲ್ಲಿ ನಿಲ್ಸಿದ್ದೀರಾ?’

ಅವಮಾನ ಆಗಿ ಒಳಗೆ ಬಂದು ಕರಟ ಕಿತ್ತು ಒಗೆದೆ. ‘ಅಲ್ಲ, ನಿಮ್ಗೆ ಮಾತ್ರ ಈ ಗದ್ದಲದಲ್ಲಿ ಹೆಂಗೆ ನಿದ್ದೆ ಬರ್ತದೆ? ನೀವೇನು ಇಡ್ತೀರಾ ಕಿವಿಗೆ?’ ಅಂತ ಯಜಮಾನರನ್ನ ಕೇಳಿದೆ.

ಕಣ್ಣು ತೆರೆಯದೆ ಅಂದ್ರು: ‘ಏನೂ ಇಡಲ್ಲ. ಮದುವೆ ಆದಾಗಿಂದ ಅಭ್ಯಾಸ.’

ಏನರ್ಥ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ದುಬೈ ಕ್ಯಾಸೆಟ್ಟು

ಸಕಲೇಶಪುರದಲ್ಲಿ ನಮಗೆ ಗೊತ್ತಿರೋ ಬ್ಯಾರಿ ಸಾಹೇಬ್ರ ಫ್ಯಾನ್ಸಿ ಅಂಗಡಿ ಒಂದೈತೆ. ಬಳೆ, ಟೇಪು, ಟಾರ್ಚು, ದುಬೈ ಸೆಂಟು, ಇಲ್ಲದ್ದಿಲ್ಲ. ಹೋಗಿ ಕೂತೆ.

‘ಸಾಹೇಬ್ರೇ, ಕಿವಿಗೆ ಹಾಕ್ಕೊಳ್ಳಕ್ಕೆ ಏನಾದ್ರೂ ಕೊಡಿ.’

‘ಓಲೆನಾ, ಜುಮುಕಿನಾ?’

‘ಕೇಳಿಸಬಾರದು, ಅಂಥದ್ದು.’

ಸಾಹೇಬ್ರು ಕನ್ನಡಕ ಹಣೆಗೇರಿಸಿದ್ರು. ‘ಏನು ಕೇಳಿಸಬಾರದು?’

‘ಮಿಷನ್ನು. ಆದ್ರೆ ಮಾತು ಕೇಳಿಸಬೇಕು.’

‘ಯಾರ ಮಾತು?’

‘ಪಕ್ಕದ ಮನೇದು.’

‘ಅಜ್ಜಿ, ಅಂಥದ್ದನ್ನ ಜಪಾನಿನೋರೂ ಮಾಡಿಲ್ಲ’ ಅಂದ್ರು. ಆಮೇಲೆ ತಲೆ ಕೆರ್ಕೊಂಡು, ‘ನಿಮ್ಮ ಯಸಳೂರಲ್ಲಿ ಏನು ನಡೀತೈತೆ ಮಾರಾಯ್ತಿ? ಮೊನ್ನೆ ನಿಮ್ಮೂರಿನ ಹೆಂಗಸೊಬ್ರು ಬಂದು ಕಿವಿಗೆ ಇಡೋ ರಬ್ಬರು ತಗೊಂಡು ಹೋದ್ರು. ಕಾರ್ಖಾನೆಯೋರು ಇಡ್ತಾರಲ್ಲ, ದಾರ ಇರೋದು. ಇದ್ದಿದ್ದೇ ಒಂದು ಜೊತೆ. ಅದನ್ನ ಇಟ್ರೆ ಪಕ್ಕದಲ್ಲಿ ಗರ್ನಾಲು ಪಟಾಕಿ ಹೊಡೆದ್ರೂ ತಿಳಿಯಲ್ಲ’ ಅಂದ್ರು.

‘ಯಾರು ಅವರು?’

‘ಹೆಸರು ಹೇಳಬೇಡಿ ಅಂದವ್ರೆ.’

ನೋಡಿ, ಇಂಥ ಮಾತು ಹೇಳಿದ್ರೆ ನನಗೆ ಅನ್ನ ಸೇರ್ತದಾ? ಯೋಚನೆ ಮಾಡಿ ಮಾಡಿ, ಓಣಿ ಕೊನೆಯ ಮೇಷ್ಟ್ರ ಹೆಂಡ್ತಿನೇ ಇರಬೇಕು, ಮೇಷ್ಟ್ರು ಗೊರಕೆ ಹೊಡೀತಾರೆ ಅಂತ ತೀರ್ಮಾನಿಸಿದೆ. ಇಬ್ಬರಿಗೆ ಮಾತ್ರ ಹೇಳಿದೆ, ಆಣೆ ಹಾಕಿಸ್ಕೊಂಡೇ. ವಾರದೊಳಗೆ ಊರಿನ ಮಕ್ಕಳೆಲ್ಲ ಮೇಷ್ಟ್ರನ್ನ ಕಂಡ್ರೆ ಗೊರ್ ಅಂತಿದ್ವು. ಜನಕ್ಕೆ ಆಣೆ ಅಂದ್ರೆ ಬೆಲೆನೇ ಇಲ್ಲ.

ರಬ್ಬರು ಇರಲಿಲ್ಲವಲ್ಲ, ಅದಕ್ಕೆ ಸಾಹೇಬ್ರು ಮೂಲೇಲಿ ಬಿದ್ದಿದ್ದ ಹಳೇ ವಾಕ್‌ಮನ್ ಒಂದನ್ನ ನಾನು ಕೊಂಡ ಬಳೆ ಜೊತೆಗೆ ಸುಮ್ಮನೆ ಕೊಟ್ರು. ಮುಚ್ಚಳ ಮುರಿದು ರಬ್ಬರ್ ಬ್ಯಾಂಡ್ ಹಾಕಿತ್ತು. ಕಿವಿಗೆ ದೋಸೆಯಂಗೆ ಸ್ಪಂಜು. ಒಳಗೊಂದು ಕ್ಯಾಸೆಟ್ಟು ಸಿಕ್ಕಿ ಹಾಕ್ಕೊಂಡಿತ್ತು, ಎಳೆದ್ರೂ ಬರಲ್ಲ. ಹಾಡು ಇರಬೇಕು, ಕೇಳ್ಕೊಂಡು ಮಲಗೋಣ ಅಂತ ಮನೆಗೆ ಬಂದು ಒತ್ತಿದ್ರೆ, ಹಾಡಲ್ಲ, ಗಂಡಸೊಬ್ಬ ಮಾತಾಡ್ತಾನೆ! ಆವಾಗೆಲ್ಲ ದುಬೈಗೆ ಹೋದೋರು ಕಾಗದದ ಬದಲು ಕ್ಯಾಸೆಟ್ಟಲ್ಲಿ ಮಾತಾಡಿ ಕಳಿಸ್ತಿದ್ರಂತೆ, ಇದು ಅದು. ಸಾಹೇಬ್ರ ಅಣ್ಣಂದು.

ಬ್ಯಾರಿ ಭಾಷೆ, ನನಗೆ ಒಂದಕ್ಷರ ಬರಲ್ಲ. ಆದ್ರೆ ಮನೆ ಜಗಳ ತಿಳಿಯಕ್ಕೆ ಭಾಷೆ ಯಾಕೆ ಬೇಕು? ದನಿ ಏರೋದು, ಇಳಿಯೋದು, ‘ಉಮ್ಮಾ’ ಅಂತ ಅವ್ವನ್ನ ಬೇಡೋದು, ನಡುನಡುವೆ ‘ಫ್ರಿಜ್ಜು’ ಅನ್ನೋದು. ದಿನಾ ಕೇಳಿದೆ. ಮಿಷನ್ ಇತ್ತೋ ಇಲ್ಲವೋ ಅನ್ನೋದೇ ಮರೆತುಹೋಯ್ತು. ಮುಂದಿನ ಸಲ ಸಕಲೇಶಪುರಕ್ಕೆ ಹೋದಾಗ ನೇರ ಅಂಗಡಿಗೆ ಹೋಗಿ ಹೇಳ್ದೆ: ‘ಸಾಹೇಬ್ರೇ, ನಂಗ್ಯಾಕೆ ಊರ ಉಸಾಬರಿ. ಆದ್ರೂ ನ್ಯಾಯ ಅಂದ್ರೆ ನ್ಯಾಯ. ಫ್ರಿಜ್ಜು ನಿಮ್ಮತ್ತಿಗೆಗೇ ಸೇರಬೇಕು.’

ಸಾಹೇಬ್ರ ಕೈಲಿದ್ದ ಬಳೆ ಕೆಳಗೆ ಬಿತ್ತು. ‘ಫ್ರಿಜ್ಜಿನ ವಿಷಯ ನಿಮ್ಗೆ ಯಾರು ಹೇಳಿದ್ರು?’

‘ನಿಮ್ಮಣ್ಣ.’

‘ಅದು... ಅದು ನಮ್ಮ ಉಮ್ಮನ ರೂಮಲ್ಲಿ ಐತೆ.’

‘ಗೊತ್ತು’ ಅಂದೆ. ‘ಅದಕ್ಕೇ ಪಾಪ ಕ್ಯಾಸೆಟ್ಟಿನ ಕೊನೇಲಿ ಅಳೋದು.’

ಕರೆಂಟು ಹೋದಾಗ

ಇದು ಸ್ವಲ್ಪ ಸೂಕ್ಷ್ಮ. ಬಾಗಿಲು ಹಾಕಿ ಓದಿ.

ಪುಡಿಯಪ್ಪ ಪ್ರತಿ ಶುಕ್ರವಾರ ಊಟ ಆಗ್ತಿದ್ದಂಗೆ ವನಗೂರಿನ ಜೀಪ್ ಹತ್ತೋನು. ಕೇಳಿದ್ರೆ ಮೆಣಸು ವ್ಯಾಪಾರಕ್ಕೆ ಅನ್ನೋನು. ಮೆಣಸು ಕೊಯ್ಲು ಮುಗಿದು ಬಳ್ಳಿ ಬೋಳಾದ್ರೂ ಹೋಗೋನು. ಬರುವಾಗ ಖಾಲಿ ಚೀಲ, ಮುಖ ಮಾತ್ರ ಅರಳಿದ ಹೂವು. ನನಗೆ ಎರಡು ಕಣ್ಣು ಅವೆಯಲ್ಲ, ನೋಡ್ತಿದ್ದೆ.

ಒಂದಿನ ಹೂವಿನವಳು ಬಂದ್ಳು. ಅವಳು ಬಂದ್ರೆ ಹೂವು ಅರ್ಧ ಗಂಟೆ, ಮಾತು ಎರಡು ಗಂಟೆ. ನನ್ನ ಕಿವೀಲಿ ಸ್ಪಂಜಿತ್ತು, ದುಬೈ ಅಣ್ಣ ಜೋರಾಗಿ ಜಗಳಾಡ್ತಿದ್ದ, ಗೋಡೆಯಾಚೆ ಮಿಷನ್ನೂ ಓಡ್ತಿತ್ತು. ಸ್ಪಂಜು ತೆಗೆಯೋದ್ಯಾಕೆ, ಹೇಳೋಳು ನಾನು, ಕೇಳೋಳು ಅವಳು ಅಂತ, ಅವಳ ಕಿವಿ ಹತ್ರ ಬಾಯಿಟ್ಟು ಪಿಸುಮಾತಲ್ಲಿ ಹೇಳಕ್ಕೆ ಶುರುಮಾಡಿದೆ. ಪಿಸುಮಾತು ಅಂತ ನಾನಂದ್ಕೊಂಡಿದ್ದು. ಕಿವೀಲಿ ಗದ್ದಲ ಇದ್ದಾಗ ನಮ್ಮ ದನಿ ನಮಗೇ ಗೊತ್ತಾಗಲ್ಲ ನೋಡಿ.

‘ಮೆಣಸಿಗೆ ಹೋಗ್ತಾನಂತೆ ಮೆಣಸಿಗೆ! ಈ ಕಾಲದಲ್ಲಿ ಯಾವ ಮೆಣಸೇ? ವನಗೂರಲ್ಲಿ ಯಾವುದೋ ಬಳ್ಳಿ ಹಬ್ಬಿಸವನೆ ಕಣೇ ಪುಡಿಯಪ್ಪ! ಇವಳು ಪುಡಿ ಕಟ್ಕೊಂಡು ಕೂತವಳೆ!’

ಹೂವಿನವಳು ಕಣ್ಣು ಕಣ್ಣು ಬಿಟ್ಟು, ಬಾಯಿ ಮೇಲೆ ಬೆರಳಿಟ್ಟು, ಇನ್ನೊಂದು ಕೈ ಮೇಲಕ್ಕೆತ್ತಿದ್ಳು. ಸುದ್ದಿ ಕೇಳಿ ಬೆಚ್ಚಿದಾಳೆ ಅಂತ ನಾನು ಇನ್ನೂ ಉಪ್ಪು ಖಾರ ಹಾಕಿದೆ. ಅವಳು ತೋರಿಸ್ತಿದ್ದುದು ಮೇಲಿನ ಬಲ್ಬನ್ನ. ಕರೆಂಟು ಹೋಗ್ಬುಟ್ಟಿತ್ತು! ಮಿಷನ್ ನಿಂತು ಎಷ್ಟು ಹೊತ್ತಾಗಿತ್ತೋ. ವಾಕ್‌ಮನ್ನಿಗೆ ಸೆಲ್ಲು, ಅದಕ್ಕೆ ಕರೆಂಟಿನ ಹಂಗಿಲ್ಲ. ಹಂಗಾಗಿ ನನ್ನ ಕಿವಿಗೆ ಏನೂ ತಿಳೀಲಿಲ್ಲ. ಓಣಿ ಪೂರ್ತಿ ಗಪ್‌ಚುಪ್, ಆ ನಿಶ್ಶಬ್ದದಲ್ಲಿ ನನ್ನ ಪಿಸುಮಾತು ಬಸ್ ಸ್ಟ್ಯಾಂಡಿಗೂ ಕೇಳಿಸ್ತಂತೆ. ಸಕಲೇಶಪುರದ ಬಸ್ಸಿನೋನು ಹಾರ್ನ್ ಹೊಡೆಯೋದು ಬಿಟ್ಟು ಕಿವಿಗೊಟ್ಟಿದ್ದನಂತೆ.

ಮಾರನೇ ಶುಕ್ರವಾರ ಪುಡಿಯಪ್ಪ ಎಲ್ಲೂ ಹೋಗಲಿಲ್ಲ. ಗಂಡ ಹೆಂಡ್ತಿ ಬಾಗಿಲು ಹಾಕ್ಕೊಂಡ್ರು. ಇಂಥ ಜಗಳ ಬಿಡಕ್ಕಾಗ್ತದಾ? ಹತ್ತಿ, ಸ್ಪಂಜು, ಕರಟ ಎಲ್ಲಾ ಆಚೆಗಿಟ್ಟು, ಲೋಟ ಒಂದನ್ನ ಗೋಡೆಗೆ ಬೋರಲು ಹಾಕಿ, ಬರೀ ಕಿವಿ ಅದಕ್ಕೆ ಅಂಟಿಸಿ ಕೂತೆ. ಅಷ್ಟರಲ್ಲಿ ಗರ್ರ್ ಅಂತು ಮಿಷನ್ನು. ಸಂಜೆವರೆಗೂ ಓಡ್ತು. ಒಂದು ಮಾತು ಕೇಳ್ಳಿಲ್ಲ.

ಆಮೇಲೆ ಹೂವಿನವಳು ಹೇಳಿದ್ಳು, ಅವತ್ತು ಮಿಷನ್ನೊಳಗೆ ಒಂದು ಬೀಜನೂ ಇರಲಿಲ್ಲವಂತೆ.

ಟ್ರಿಣ್ ಟ್ರಿಣ್

ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ. ಪುಡಿಯಮ್ಮ ಫೋನಿಗೆ ಕರೆಯೋದು ನಿಲ್ಲಿಸ್ಬುಟ್ಳು. ಎದುರು ಸಿಕ್ಕಾಗ, ‘ಮೊನ್ನೆ ಮಗಳು ಮಾಡಿದ್ಳಲ್ಲ, ಕೂಗಿದ್ನಲ್ಲ ರೈಟ್ರಮ್ಮ! ನಿಮ್ಗೆ ಕೇಳ್ಳಿಲ್ಲ, ಕಿವೀಲಿ ಹತ್ತಿ ಇತ್ತೇನೋ’ ಅನ್ನೋಳು. ಸುಳ್ಳು ಅಂತ ಹೆಂಗೆ ಹೇಳಲಿ? ಹತ್ತಿ ಇಟ್ಕೊಂಡಿದ್ದನ್ನ ಊರೇ ನೋಡಿತ್ತು. ಮಗಳಿಗೆ ದಿನ ತುಂಬಿತ್ತು. ಹೊರಟುಹೋಗೋಣ ಅಂದ್ರೆ ಬೀಗಿತ್ತಿ, ‘ಸುದ್ದಿ ಕಳಿಸ್ತೀವಿ, ಆಗ ಬನ್ನಿ’ ಅಂದಿದ್ಳು. ಕರೆಯದೆ ಹೋಗಿ ಸಣ್ಣವಳಾಗಲಾ? ಎಲ್ಲಾ ಬಿಸಾಕಿ ಬರೀ ಕಿವೀಲಿ ಗೋಡೆ ಪಕ್ಕ ಕೂತೆ. ಮಿಷನ್ ಸದ್ದು ತಲೇಲಿ ತೂತು ಕೊರೆದ್ರೂ ಹಲ್ಲು ಕಚ್ಚಿ ಕೂತೆ. ನಿದ್ದೆ ಹಾಳಾಗಲಿ, ಮಗಳ ಸುದ್ದಿ ತಪ್ಪದಿದ್ರೆ ಸಾಕು.

ಒಂದು ಬೆಳಿಗ್ಗೆ ಹತ್ತು ಗಂಟೆ ಹೊತ್ತು. ಕರೆಂಟ್ ಇರಲಿಲ್ಲ, ಮಿಷನ್ ನಿಂತಿತ್ತು. ಗೋಡೆಯಾಚೆಯಿಂದ ‘ಟ್ರಿಣ್ ಟ್ರಿಣ್.’ ಗೋಡೆಗೆ ಕಿವಿ ಹಚ್ಚಿದೆ. ಈಗೆತ್ತುತಾಳೆ, ಆಗೆತ್ತುತಾಳೆ ಅಂತ ಕಾದೆ. ಎತ್ತಲಿಲ್ಲ. ನಿಂತು ಮತ್ತೆ ‘ಟ್ರಿಣ್ ಟ್ರಿಣ್.’ ಹಿತ್ತಲ ಗೋಡೆಯಿಂದ ಇಣುಕಿ ನೋಡಿದ್ರೆ, ಪುಡಿಯಮ್ಮ ಹಿಂದಿನ ಜಗುಲೀಲೇ ನಮಗೆ ಬೆನ್ನು ಹಾಕಿ ಕೂತು ಪುಡಿ ಜರಡಿ ಹಿಡೀತಿದ್ದಾಳೆ! ಫೋನು ಅವಳಿಗೆ ನಾಕು ಮಾರು ದೂರ. ತಲೆ ಕೂಡ ತಿರುಗಿಸಲ್ಲ.

‘ಲೇ ಪುಡಿಯಮ್ಮಾ, ಫೋನೂ!’ ಅಂತ ಕೂಗಿದೆ. ಅವಳ ಫೋನಿಗೆ ನಾನು ಅವಳನ್ನ ಕರೆಯೋ ಕಾಲ ಬಂತು ನೋಡಿ. ಜರಡಿ ನಿಲ್ಲಲಿಲ್ಲ.

ವನಗೂರಿನ ಸಿಟ್ಟು ತೀರಿಸ್ಕೊತಿದ್ದಾಳೆ ಅಂತ ನನಗೆ ಖಾತ್ರಿಯಾಯ್ತು. ಒಗೆಯೋ ಕಲ್ಲಿನ ಮೇಲೆ ಹತ್ತಿದೆ, ಅಲ್ಲಿಂದ ಗೋಡೆ ಹತ್ತಿದೆ. ಈ ವಯಸ್ಸಲ್ಲಿ! ಸೀರೆ ದಾಸವಾಳದ ಕೊಂಬೆಗೆ ಸಿಕ್ಕಿ ಪರ್ ಅಂತು. ಹರಿದ್ರೆ ಹರೀಲಿ ಅಂತ ಆ ಕಡೆ ಧುಮುಕಿ, ಅವಳ ಬೆನ್ನ ಹಿಂದಿಂದಲೇ ಅಡುಗೆಮನೆಗೆ ನುಗ್ಗಿ, ನಡುಮನೇಲಿ ಫೋನ್ ಎತ್ತಿದೆ.

ಅಳಿಯ. ‘ಅತ್ತೇ? ಹೆಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ನಮ್ಮವ್ವ ನಿಮ್ಮನ್ನ ಈಗಲೇ ಹೊರಟು ಬರಕ್ಕೆ ಹೇಳ್ತು. ಕೂಸು ಏನು ಅಳ್ತದೆ ಅಂತೀರಾ, ಆಸ್ಪತ್ರೆಯೋರೆಲ್ಲ ಕಿವಿ ಮುಚ್ಕೊಂಡವ್ರೆ. ನಿಮ್ಮ ಮಗಳು ನಿಮ್ಮನ್ನೇ ನೆನೆಸ್ಕೊಂಡ್ಳು.’

ನನಗೆ ಮಾತೇ ಬರಲಿಲ್ಲ. ನಂಬಬೇಕು ನೀವು. ಕಣ್ಣೊರೆಸ್ಕೊಂಡು ಫೋನ್ ಇಟ್ಟೆ. ಇಟ್ಟ ಮೇಲೆ ಸಿಟ್ಟು ನೆನಪಾಯ್ತು. ಜಗುಲಿಗೆ ಬಂದು ಅವಳ ಮುಂದೆ ನಿಂತೆ. ತನ್ನ ಮನೆಯೊಳಗಿಂದ ನಾನು ಬಂದಿದ್ದು ಕಂಡು ಪುಡಿಯಮ್ಮ ‘ಅವ್ವಯ್ಯಾ!’ ಅಂತ ಹಾರಿದ್ಳು. ಜರಡಿ ಮೇಲಕ್ಕೆ ಹೋಯ್ತು. ಪುಡಿ ಇಬ್ಬರ ತಲೆ ಮೇಲೂ ಬಿತ್ತು.

‘ಬೇಕಂತಲೇ ಅಲ್ವೇನೇ? ಹೊಡ್ಕೊಂಡು ಹೊಡ್ಕೊಂಡು ಸಾಯ್ತು ಫೋನು! ನನ್ನ ಮಗಳ ಹೆರಿಗೆ ಆಗೈತೆ, ಹೆಣ್ಣು ಕೂಸು! ನಿಂಗೆ ಕೇಳ್ಳಿಲ್ವಾ?’

ಅವಳು ನನ್ನ ಬಾಯನ್ನೇ ನೋಡ್ತಾ, ‘ಆಂ? ಏನು?’ ಅಂದ್ಳು. ಆಮೇಲೆ ಕೂದಲು ಸರಿಸಿ, ಕಿವಿಯಿಂದ ಏನನ್ನೋ ಎಳೆದ್ಳು. ದಾರದ ತುದೀಲಿ ಎರಡು ರಬ್ಬರು!

ಮೇಷ್ಟ್ರ ಹೆಂಡ್ತಿ ಅಲ್ಲ! ಸಾಹೇಬ್ರ ಅಂಗಡಿಗೆ ಹೋಗಿದ್ದು ಇವಳು!

ಸುದ್ದಿ ಮತ್ತೊಮ್ಮೆ ಹೇಳ್ದೆ. ಕೇಳಿದ್ದೇ ತಡ, ಪುಡಿ ಮೆತ್ತಿದ ಕೈಯಲ್ಲೇ ನನ್ನ ಕೆನ್ನೆ ಸವರಿ ನೆಟಿಕೆ ಮುರಿದ್ಳು. ಒಳಗೆ ಓಡಿ ಬೆಲ್ಲದ ಚೂರು ತಂದು ಬಾಯಿಗಿಟ್ಳು. ಕಣ್ಣಲ್ಲಿ ನೀರೂ ಬಂತು. ನಿಜವಾದ ನೀರು, ನಾನು ಸತ್ತಾಗ ಬಂದಿದ್ದಕ್ಕಿಂತ ಜಾಸ್ತಿ. ನನ್ನ ಸಿಟ್ಟೆಲ್ಲ ಕರಗಿಹೋಯ್ತು.

‘ಅಯ್ಯೋ ಪಾಪ, ನಿಂಗೂ ಈ ಪಾಡಾ?’ ಅಂದೆ.

‘ಹೂಂ ರೈಟ್ರಮ್ಮ. ನಮ್ಮನೆಯವರಿಗೂ ಒಂದು ಜೊತೆ ತರಿಸ್ಕೊಟ್ಟೆ. ಅವರು ವನಗೂರಿಗೆ ಹೋಗ್ತಿದ್ದಿದ್ದು ತಂಗಿ ಮನೆಗೆ, ಮಧ್ಯಾಹ್ನ ಒಂದು ಗಳಿಗೆ ನೆಮ್ಮದಿಯಾಗಿ ಮಲಗಿ ಬರಕ್ಕೆ. ಈಗ ಅದೂ ತಪ್ತು, ಇಲ್ಲೇ ಮಲಗ್ತಾರೆ.’

ಬಳ್ಳಿ ಇಲ್ಲ, ಏನಿಲ್ಲ, ಬರೀ ನಿದ್ದೆ! ನನಗೆ ಸ್ವಲ್ಪ ಬೇಜಾರೇ ಆಯ್ತು. ಆದ್ರೂ ತೋರಿಸ್ಕೊಳ್ಳದೆ, ‘ಅಲ್ಲ ಕಣೇ, ಬೆಳಿಗ್ಗೆಯಿಂದ ಕರೆಂಟೇ ಇಲ್ಲ, ಮಿಷನ್ ನಿಂತೈತೆ. ಮತ್ಯಾಕೆ ಕಿವಿಗೆ ಹಾಕ್ಕೊಂಡಿದ್ದೆ?’ ಅಂದೆ.

ಪುಡಿಯಮ್ಮ ರಬ್ಬರನ್ನ ಸೆರಗಿಂದ ಒರೆಸ್ತಾ, ನನ್ನ ಮುಖವನ್ನೇ ನೋಡ್ಕೊಂಡು ಹೇಳಿದ್ಳು:

‘ಮಿಷನ್ನಿಗೆ ಯಾರು ಕಿವಿ ಮುಚ್ಕೊತಾರೆ ರೈಟ್ರಮ್ಮ? ಅದು ಕರೆಂಟ್ ಹೋದ್ರೆ ನಿಲ್ತದೆ.’